ಮೊದಲು ಕಂಡದ್ದು ಯಾರಿಗೆ?

ಸೊರಬದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕೊರೊನಾ ಹೇಗೆ ಶುರುವಾಯಿತು ಎಂಬ ನಿಮ್ಮ ಲೇಖನ ಓದಿದೆ. ವೈರಸ್ ಬಂದದ್ದು ಪ್ರಯೋಗಾಲಯದಿಂದಲೋ ಮಾರುಕಟ್ಟೆಯಿಂದಲೋ, ಅದನ್ನೇ ನೀವು ಹೇಳಲಿಲ್ಲ. ತಪ್ಪು ಯಾರದೆಂದು ತಿಳಿಯದೆ ಮುಂದಿನದನ್ನು ತಡೆಯುವುದು ಹೇಗೆ?"

ಮೇಷ್ಟ್ರೇ, ಪ್ರಶ್ನೆ ನ್ಯಾಯವಾದದ್ದೇ. ಮೊದಮೊದಲ ರೋಗಿಗಳ ದಾಖಲೆಗಳನ್ನು ಚೀನಾ ಪೂರ್ತಿಯಾಗಿ ಹಂಚಿಕೊಂಡಿಲ್ಲ, ಹಂಚಿಕೊಳ್ಳಲೇಬೇಕು. ಆದರೆ ಎಲ್ಲಿಂದ ಬಂತು ಎಂಬ ಜಗಳದಲ್ಲಿ, ಮೊದಲು ಯಾರ ಕಣ್ಣಿಗೆ ಬಿತ್ತು, ಕಂಡದ್ದನ್ನು ಹೇಳಿದಾಗ ಏನಾಯಿತು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ.

2019ರ ಡಿಸೆಂಬರ್ 26. ಚೀನಾದ ವುಹಾನ್ ನಗರದ ಶ್ವಾಸಕೋಶ ತಜ್ಞೆ ಜಾಂಗ್ ಜಿಶಿಯಾನ್ ಬಳಿಗೆ ಜ್ವರ, ಕೆಮ್ಮು ಎಂದು ವೃದ್ಧ ದಂಪತಿ ಬಂದರು. ಇಬ್ಬರ ಸಿಟಿ ಸ್ಕ್ಯಾನ್ ಕೂಡ ಮಾಮೂಲಿ ನ್ಯುಮೋನಿಯಾದಂತಿರಲಿಲ್ಲ. ಆಕೆ ಅವರ ಮಗನನ್ನೂ ಕರೆಸಿದರು. ಅವನಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಆದರೂ ಪಟ್ಟುಹಿಡಿದು ಸ್ಕ್ಯಾನ್ ಮಾಡಿಸಿದರೆ ಅದೇ ಚಿತ್ರ! ಹುವಾನಾನ್ ಮೀನು ಮಾರುಕಟ್ಟೆಯ ಒಬ್ಬರದೂ ಹಾಗೆಯೇ ಇತ್ತು. ಫ್ಲೂ ಪರೀಕ್ಷೆ ನೆಗೆಟಿವ್. ಮರುದಿನವೇ ವರದಿ ಕೊಟ್ಟರು. ಹೊಸ ವೈರಸ್ಸಿಗೆ ಆಗ ಪರೀಕ್ಷೆಯ ಕಿಟ್ ಇರಲಿಲ್ಲ, ಹೆಸರೂ ಇರಲಿಲ್ಲ. ಕೆಲಸಕ್ಕೆ ಬಂದದ್ದು ಒಂದೇ ಮನೆಯ ಮೂರು ಸ್ಕ್ಯಾನ್ ಫಿಲ್ಮುಗಳು ಮತ್ತು "ಮನೆಯಲ್ಲಿ ಇನ್ಯಾರಿದ್ದೀರಿ?" ಎಂಬ ಒಂದು ಪ್ರಶ್ನೆ.

ಸಾರ್ಸ್ ಎಂಬ ಶ್ವಾಸಕೋಶದ ಸಾಂಕ್ರಾಮಿಕದಿಂದ ಪೆಟ್ಟು ತಿಂದ ಮೇಲೆ, 2004ರಲ್ಲಿ ಚೀನಾ ಇಂಥದ್ದಕ್ಕೆಂದೇ ಒಂದು ಜರಡಿ ಮಾಡಿಟ್ಟಿತ್ತು. ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ, ಬಿಳಿ ರಕ್ತಕಣ ಏರಿಲ್ಲ, ಅಥವಾ ಇಳಿದಿದೆ, 3ರಿಂದ 5 ದಿನ ಆ್ಯಂಟಿಬಯೋಟಿಕ್ ಕೊಟ್ಟರೂ ಗುಣವಿಲ್ಲ. ನಾಲ್ಕೂ ಕೂಡಿದರೆ "ಕಾರಣ ತಿಳಿಯದ ನ್ಯುಮೋನಿಯಾ" ಎಂದು ಮೇಲಕ್ಕೆ ತಿಳಿಸಬೇಕು. ಒಳ್ಳೆಯ ಜರಡಿ.

ಕೆಟ್ಟದ್ದು ಆಮೇಲೆ. ಡಿಸೆಂಬರ್ 30ರಂದು ಸಹಪಾಠಿ ವೈದ್ಯರನ್ನು ಎಚ್ಚರಿಸಿದ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಅವರಿಂದ ಜನವರಿ 3ರಂದು ಪೊಲೀಸರು ಮುಚ್ಚಳಿಕೆ ಬರೆಸಿಕೊಂಡರು. ಅವರು ಅದೇ ರೋಗಕ್ಕೆ ಫೆಬ್ರುವರಿ 7ರಂದು ತೀರಿಕೊಂಡರು. ಇನ್ನೊಂದು ತಪ್ಪು ಇದಕ್ಕಿಂತ ಸದ್ದಿಲ್ಲದ್ದು. ಜನವರಿಯ ಮೊದಲ ದಿನಗಳಲ್ಲಿ ಶಂಕಿತ ರೋಗಿ ಎನ್ನಿಸಿಕೊಳ್ಳಲು ಆ ಮಾರುಕಟ್ಟೆಯ ನಂಟು ಬೇಕೆಂದು ನಿಯಮ ಮಾಡಿದರು. ನಂಟಿಲ್ಲದ ಹೆಚ್ಚಿನವರು ಲೆಕ್ಕಕ್ಕೇ ಬರಲಿಲ್ಲ. ಲೆಕ್ಕಕ್ಕೆ ಬಂದ ಹೆಚ್ಚಿನವರಿಗೆ ನಂಟಿದೆ, ಆದ್ದರಿಂದ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿಲ್ಲ ಎಂಬ ಸಮಾಧಾನ ಬೇರೆ! ಜನವರಿ 11ರ ಬಳಿಕ ಹಲವು ದಿನ ಸಂಖ್ಯೆ 41ಕ್ಕೇ ನಿಂತಿತ್ತು. ಆ 41ರಲ್ಲೂ 14 ಮಂದಿಗೆ ಮಾರುಕಟ್ಟೆಯ ಸಂಪರ್ಕವಿರಲಿಲ್ಲ ಎಂದು ಆಮೇಲೆ ಪ್ರಕಟವಾಯಿತು. 13ಕ್ಕೆ ಥಾಯ್ಲೆಂಡಿನಲ್ಲಿ ವುಹಾನ್ ಪ್ರಯಾಣಿಕರೊಬ್ಬರಲ್ಲಿ ವೈರಸ್ ಖಚಿತವಾಯಿತು. ಮನುಷ್ಯರಿಂದ ಹರಡುತ್ತದೆ ಎಂದು ಚೀನಾ ಒಪ್ಪಿದ್ದು 20ಕ್ಕೆ. ವೈರಸ್ ಎಲ್ಲಿಂದಲೇ ಬಂದಿರಲಿ, ಈ ದಿನಗಳನ್ನು ಕಳೆದದ್ದು ಆ ಒಂದು ಸಾಲಿನ ನಿಯಮ.

ನಾವೇನು ಕಲಿತೆವು? ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. ಹಿರಿಯರು ತೀರಿಕೊಂಡದ್ದು 2020ರ ಮಾರ್ಚ್ 10ಕ್ಕೆ, ಕೋವಿಡ್ ಎಂದು ಖಚಿತವಾದದ್ದು 12ಕ್ಕೆ. ಆಗ ಅಲ್ಲಿ ಪರೀಕ್ಷೆಯ ವ್ಯವಸ್ಥೆ ಇರಲಿಲ್ಲ; ಮಾದರಿ ಬೆಂಗಳೂರಿಗೆ ಬರಬೇಕಿತ್ತು. ಮಾದರಿ ತೆಗೆಯುವುದೂ ಹುಡುಗಾಟವಲ್ಲ. ಮರದ ಕಡ್ಡಿಗೆ ಹತ್ತಿ ಸುತ್ತಿದ ಸ್ವ್ಯಾಬ್ ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯ ಕ್ರಿಯೆಯನ್ನೇ ತಡೆಯಬಹುದು, ಕೃತಕ ನೂಲಿನದೇ ಬೇಕು. ತೆಗೆದ ಕೂಡಲೇ, ವೈರಸ್ ಕೆಡದಂತೆ ಸಾಗಿಸುವ ವಿಟಿಎಂ ದ್ರಾವಣಕ್ಕೆ ಹಾಕಿ, 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು 72 ಗಂಟೆಯೊಳಗೆ ತಲುಪಿಸಬೇಕು. ಐಸ್ ಪ್ಯಾಕ್ ದಾರಿಯಲ್ಲೇ ಕರಗಿದರೆ ಪರೀಕ್ಷೆ ಹುಡುಕುವ ವೈರಸ್ಸಿನ ವಂಶವಸ್ತು, ಆರ್‌ಎನ್‌ಎ, ಮುರಿದು, ಇರುವ ರೋಗವೂ "ನೆಗೆಟಿವ್" ಎಂದು ಬರಬಹುದು. ಇದನ್ನೆಲ್ಲ ಮಾಡುವ ಲ್ಯಾಬ್ ಟೆಕ್ನಿಷಿಯನ್‌ನ ಹೆಸರನ್ನು ಯಾವ ಚಾನೆಲ್ಲಿನ ಚರ್ಚೆಯಲ್ಲಿ ಕೇಳಿದ್ದೀರಿ?

ಸೊರಬದವರಿಗೆ ಇದನ್ನು ನಾನು ಹೇಳಬೇಕೇ! 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದು ಮೊದಲು ಕಂಡದ್ದು ನಿಮ್ಮ ಸೀಮೆಯ ಜನಕ್ಕೆ. ಆ ಮಂಗನ ಕಾಯಿಲೆಯ ವೈರಸ್ಸಿಗೆ ಹೆಸರು ಬಂದದ್ದು ಆಮೇಲೆ. ಇವತ್ತಿಗೂ ಸತ್ತ ಮಂಗದ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟಿದರೆ ಮಾತ್ರ ಆ ಜಾಗದ ಸುತ್ತ ರೋಗ ಹರಡುವ ಉಣುಗುಗಳು ಸಾಯುವ ಪುಡಿ ಬೀಳುತ್ತದೆ.

ಒಂದು ಕೆಲಸ ಮಾಡಿ, ಮೇಷ್ಟ್ರೇ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ತುಂಬಿದೆಯೇ, ಜ್ವರದ ರೋಗಿಗಳ ಲೆಕ್ಕ ದಿನವೂ ಮೇಲಕ್ಕೆ ಹೋಗುತ್ತಿದೆಯೇ, ಕೇಳಿ ಬರೆಯಿರಿ. ಆ ಪತ್ರವನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

— ಸಂ.