ಅಳೆದು ಕಟ್ಟಿದ ಗೋಪುರಗಳು

ಪ್ರಶ್ನೆ: ಮಗ ಇಂಗ್ಲೆಂಡಿನಿಂದ ಹೇಡ್ರಿಯನ್ ಗೋಡೆಯ ಫೋಟೊ ಕಳಿಸಿದ್ದಾನೆ. ಗೋಡೆಗೆ ಅಂಟಿಕೊಂಡು ಅಲ್ಲಲ್ಲಿ ಸಣ್ಣ ಚೌಕದ ಕೋಣೆಗಳಿವೆ. ಅವು ಕಾವಲು ಗೋಪುರಗಳೇ? ಜಾಗ ಹೇಗೆ ಆರಿಸುತ್ತಿದ್ದರು?
– ಓದುಗರೊಬ್ಬರು, ಹಾಸನ

ಉತ್ತರ: ಹೌದು, ಅವು ಕಾವಲು ಗೋಪುರಗಳ ಬುಡ. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ತಮ್ಮ ಸಾಮ್ರಾಜ್ಯದ ಗಡಿಗೆ ಕಟ್ಟಿದ ಗೋಡೆ ಅದು. ಪೂರ್ತಿ ಎತ್ತರಕ್ಕೆ ಒಂದೂ ಉಳಿದಿಲ್ಲ. ನಿಮ್ಮ ಎರಡನೇ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು ಅಂತ ನಾನು ಆ ಗೋಡೆಯ ಪಕ್ಕ ಎರಡು ದಿನ ನಡೆದಿದ್ದೇನೆ. ಆಗ ಮಗಳು ನ್ಯೂಕಾಸಲ್‌ನಲ್ಲಿದ್ದಳು. ಅಲ್ಲಿ ಗೋಡೆಯ ಗುಂಟ ಓಡಾಡುವ ಬಸ್ಸಿನ ನಂಬರೇ ಎಡಿ 122. ಅಂದರೆ ಕ್ರಿ.ಶ. 122, ಗೋಡೆ ಕಟ್ಟಿಸಿದ ರೋಮನ್ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿಗೆ ಬಂದ ವರ್ಷ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಆ ಬೋರ್ಡು ನೋಡಿಯೇ ಖುಷಿಯಾಯಿತು.

ಮೊದಲು ಲೆಕ್ಕ ನೋಡೋಣ. ಗೋಡೆ 80 ರೋಮನ್ ಮೈಲಿ ಉದ್ದ, ಸುಮಾರು 117 ಕಿ.ಮೀ. ರೋಮನ್ ಮೈಲಿ ಅಂದರೆ ಹತ್ತಿರ ಹತ್ತಿರ ಒಂದೂವರೆ ಕಿ.ಮೀ. ಮೈಲಿಗೊಂದು ಸಣ್ಣ ಕೋಟೆ, ಅದಕ್ಕೆ ಬಾಗಿಲು. ಎರಡು ಕೋಟೆಗಳ ನಡುವೆ ಎರಡು ಗೋಪುರ. ಅಲ್ಲಿಗೆ ಸುಮಾರು 500 ಮೀಟರಿಗೊಂದು ಕಾವಲು.

ಜಾಗ ಆರಿಸಿದ್ದು ಕಡಿಮೆ, ಅಳೆದದ್ದೇ ಜಾಸ್ತಿ. ಸ್ವಲ್ಪ ಆಚೀಚೆ ಸರಿಸಿದ್ದುಂಟು, ಆದರೆ ಲೆಕ್ಕ ಬಿಟ್ಟಿಲ್ಲ. ಕಾಫೀಲ್ಡ್ಸ್ ಎಂಬಲ್ಲಿ ಮೈಲಿ ಕೋಟೆಯ ಉತ್ತರದ ಬಾಗಿಲ ಮುಂದೆ ಕಡಿದಾದ ಇಳಿಜಾರು. ಗಾಡಿ ಹೋಗುವ ಮಾತೇ ಇಲ್ಲ. ಆದರೂ ಮೈಲಿ ಅಲ್ಲಿಗೆ ಮುಗಿಯಿತು, ಬಾಗಿಲು ಅಲ್ಲೇ ಬಂತು.

ಹೀಗೆ ಲೆಕ್ಕದ ಮೇಲೆ ಕಟ್ಟಿದರೆ ಎಲ್ಲೋ ಒಂದು ಕಡೆ ಕಣ್ತಪ್ಪಬೇಕು, ಅಲ್ವಾ? ಅದು ಆದದ್ದು ಪೀಲ್ ಗ್ಯಾಪ್‌ನಲ್ಲಿ. ಸ್ಟೀಲ್ ರಿಗ್ ಹತ್ತಿರ ಎರಡು ಬಂಡೆಗುಡ್ಡಗಳ ನಡುವಿನ ತಗ್ಗು ಅದು. ಅಲ್ಲಿ ಅಕ್ಕಪಕ್ಕದ ಎರಡು ಗೋಪುರಗಳ ಅಂತರವೂ ಮಾಮೂಲಿಗಿಂತ ಜಾಸ್ತಿ. 1980ರ ದಶಕದಲ್ಲಿ ಅಗೆದಾಗ ಆ ತಗ್ಗಿನಲ್ಲೇ ಇನ್ನೊಂದು ಗೋಪುರ ಸಿಕ್ಕಿತು. ಲೆಕ್ಕಕ್ಕೆ ಸೇರದ ಗೋಪುರ! ಬೇರೆಯವು ಗೋಡೆಯೊಳಗೆ ಹೆಣೆದುಕೊಂಡಿವೆ. ಇದನ್ನು ಮಾತ್ರ ಗೋಡೆಯ ಬೆನ್ನಿಗೆ ಆನಿಸಿ ಕಟ್ಟಿದ್ದಾರೆ. ನಾನು ಆ ಕಲ್ಲುಗಳ ಹತ್ತಿರ ತುಂಬಾ ಹೊತ್ತು ಕೂತಿದ್ದೆ. ಮೇಲಿನಿಂದ ಬಂದ ನಕ್ಷೆಯಲ್ಲಿ ಒಂದು ಕೊರತೆಯಿದೆ ಎಂದು ಯಾರೋ ಅಲ್ಲೇ ನಿಂತು ಕಂಡುಕೊಂಡಿದ್ದಾರೆ. ಆ ಗೋಡೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು.

ನಿಮ್ಮ ಮಗ ಇನ್ನೊಮ್ಮೆ ಹೋದರೆ ಚಾಲರ್‌ಫೋರ್ಡ್ ಹತ್ತಿರದ ಬ್ರಂಟನ್ ಗೋಪುರವನ್ನೂ ನೋಡಲಿ. ಮೊದಲು 10 ರೋಮನ್ ಅಡಿ ದಪ್ಪದ ಗೋಡೆ ಎಂದು ನಿರ್ಧಾರವಾಗಿತ್ತು. ಗೋಪುರ ಕಟ್ಟುವವರು ಅದೇ ಅಳತೆಗೆ ಎರಡೂ ಪಕ್ಕ ಮೋಟು ಗೋಡೆ ಬಿಟ್ಟು ಮುಂದೆ ಹೋದರು. ಗೋಡೆ ಅಲ್ಲಿಗೆ ಬಂದು ತಲುಪುವಷ್ಟರಲ್ಲಿ ದಪ್ಪ ಕಡಿಮೆ ಮಾಡುವ ಆದೇಶ ಬಂದಿತ್ತು. ಒಂದು ಪಕ್ಕದಲ್ಲಿ ತೆಳು ಗೋಡೆ ದಪ್ಪ ಮೋಟಿಗೆ ಬಂದು ಸೇರುವ ಮೆಟ್ಟಿಲು ಈಗಲೂ ಕಾಣುತ್ತದೆ. ಬೆರಳಿಟ್ಟು ನೋಡಬಹುದು.

ಗೋಪುರ ಹೊರಗಿನಿಂದ ಸುಮಾರು 6 ಮೀಟರ್ ಚೌಕ. ಒಳಗೆ ನನ್ನ ನಾಲ್ಕೈದು ಹೆಜ್ಜೆ ಅಷ್ಟೆ. ಬಾಗಿಲು ದಕ್ಷಿಣಕ್ಕೆ, ರೋಮನ್ನರ ಕಡೆಗೆ. ಅಗೆದಾಗ ಒಲೆಯ ಗುರುತು, ಬೀಸುವ ಕಲ್ಲು, ಅಡುಗೆ ಮಡಕೆಯ ಚೂರು, ತಿಂದು ಬಿಸಾಡಿದ ಮೂಳೆ ಸಿಕ್ಕಿವೆ. ಸುಮ್ನೆ ನಿಂತು ನೋಡುವ ಜಾಗವಲ್ಲ, ಬೇಯಿಸಿ ತಿಂದು ಪಾಳಿ ಕಳೆಯುವ ಜಾಗ. ಸನ್ನೆ ಹೇಗೆ ಕೊಡುತ್ತಿದ್ದರು ಎಂದು ಕೇಳುವವರಿಗೆ ರೋಮ್‌ನ ಟ್ರೇಜನ್ ಸ್ತಂಭ ತೋರಿಸುತ್ತೇನೆ. ಅದರ ಕೆತ್ತನೆಯಲ್ಲಿ ಡ್ಯಾನ್ಯೂಬ್ ನದಿ ದಡದ ಕಾವಲು ಗೋಪುರಗಳಿವೆ, ಮೇಲಂತಸ್ತಿನಿಂದ ಪಂಜು ಹೊರಗೆ ಚಾಚಿದೆ.

ಮುಂದೆ ಬಂಡೆಸಾಲಿನ ಮೇಲಿನ ಎಷ್ಟೋ ಗೋಪುರಗಳನ್ನು ರೋಮನ್ನರೇ ಕೆಡವಿದರು. ಗೋಪುರ ಇದ್ದ ಕಡೆ ಗೋಡೆಯಲ್ಲಿ ಉಳಿದ ಗೂಡಿಗೆ ಕಲ್ಲು ತುಂಬಿ ಮುಚ್ಚಿದರು. ನಿಮ್ಮ ಫೋಟೊದಲ್ಲಿ ಯಾವ ಗೋಪುರವೂ ಇಲ್ಲದ ಉದ್ದನೆಯ ಗೋಡೆ ಇದ್ದರೆ, ಅದನ್ನೂ ಒಮ್ಮೆ ದೊಡ್ಡದು ಮಾಡಿ ನೋಡಿ.