ಓದುಗರ ಪ್ರಶ್ನೆ, ವೈದ್ಯರ ಉತ್ತರ: ವೃಷಣದ ಗಂಟು, ತೊಡೆಸಂದಿನ ಊತ

ಪ್ರಶ್ನೆ: ನನಗೆ 26 ವರ್ಷ. ನನ್ನ ಎಡ ವೃಷಣ ಬಲ ವೃಷಣಕ್ಕಿಂತ ಸ್ವಲ್ಪ ಕೆಳಗಿದೆ. ಎರಡರ ಹಿಂಭಾಗದಲ್ಲೂ ಮೆತ್ತನೆಯ ಹುರಿಯಂಥದ್ದೇನೋ ಕೈಗೆ ಸಿಗುತ್ತದೆ. ಇದು ಗಡ್ಡೆಯೇ? ಸ್ವತಃ ಪರೀಕ್ಷಿಸಿಕೊಳ್ಳುವ ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಗಮನಿಸಿರುವ ಎರಡೂ ಸಹಜ ಲಕ್ಷಣಗಳೇ. ಹೆಚ್ಚಿನ ಪುರುಷರಲ್ಲಿ ಎಡ ವೃಷಣವು ತುಸು ಕೆಳಗೆ ಇಳಿದಿರುತ್ತದೆ. ಹಿಂಭಾಗದಲ್ಲಿ ಸಿಗುವ ಮೆತ್ತನೆಯ ಭಾಗವನ್ನು ಎಪಿಡಿಡಿಮಿಸ್ ಎನ್ನುತ್ತಾರೆ. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಪಕ್ವವಾಗುವುದು ಸುರುಳಿ ಸುತ್ತಿಕೊಂಡಿರುವ ಈ ನಾಳದಲ್ಲಿಯೇ. ಇದನ್ನೇ ಗಡ್ಡೆಯೆಂದು ಭಾವಿಸಿ ಗಾಬರಿಯಾಗುವವರು ಬಹಳ ಮಂದಿ.

ಬಿಸಿನೀರಿನ ಸ್ನಾನದ ನಂತರ ವೃಷಣಚೀಲದ ಚರ್ಮ ಸಡಿಲವಾಗಿರುವುದರಿಂದ ಪರೀಕ್ಷೆಗೆ ಆ ಹೊತ್ತು ಅನುಕೂಲ. ಒಂದೊಂದೇ ವೃಷಣವನ್ನು ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳ ನಡುವೆ ಹಿಡಿದು, ಒತ್ತದೆ, ನಿಧಾನವಾಗಿ ಉರುಳಿಸುತ್ತಾ ಇಡೀ ಮೇಲ್ಮೈಯನ್ನು ಸವರಿ ನೋಡಬೇಕು. ವಯಸ್ಕರ ವೃಷಣವು ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದವಿದ್ದು, ನುಣುಪಾಗಿ, ಎಲ್ಲ ಕಡೆಯೂ ಒಂದೇ ಹದದಲ್ಲಿ ಗಟ್ಟಿಯಾಗಿರುತ್ತದೆ. ಮೇಲ್ಮೈಯಲ್ಲಿ ಕಲ್ಲಿನಷ್ಟು ಗಟ್ಟಿಯಾದ ಒಂದು ಜಾಗ, ಹಿಂದೆ ಇರದಿದ್ದ ಉಬ್ಬು, ಒಂದು ವೃಷಣ ಮಾತ್ರ ದಪ್ಪವಾಗುತ್ತಾ ಹೋಗುವುದು ಅಥವಾ ಕಾರಣವಿಲ್ಲದ ಭಾರ ಕಂಡುಬಂದರೆ, ನೋವು ಇರಲಿ ಬಿಡಲಿ, ವೈದ್ಯರಿಗೆ ತೋರಿಸಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಲೇಬೇಕು. ಈ ಒಂದು ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ನೋವಿಲ್ಲ ಎಂಬ ಕಾರಣಕ್ಕೇ ತಿಂಗಳುಗಟ್ಟಲೆ ಸುಮ್ಮನಿರುವವರು ಅನೇಕರಿದ್ದಾರೆ. ಆದರೆ ವೃಷಣದ ಕ್ಯಾನ್ಸರ್ ಸಾಮಾನ್ಯವಾಗಿ ನೋವಿಲ್ಲದ ಗಟ್ಟಿ ಗಂಟಾಗಿಯೇ ಕಾಣಿಸಿಕೊಳ್ಳುತ್ತದೆ. ಈ ಕ್ಯಾನ್ಸರ್ ಅಪರೂಪದ್ದು, ಹೆಚ್ಚಾಗಿ 15ರಿಂದ 40ರ ವಯಸ್ಸಿನವರಲ್ಲಿ ಕಂಡುಬರುವಂಥದ್ದು, ಮತ್ತು ಬೇಗ ಗುರುತಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ.

ಚೀಲದೊಳಗಿನ ಊತಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದೂ ಅಷ್ಟೇ ನಿಜ. ವೃಷಣದಿಂದ ಬೇರೆಯಾಗಿ, ಅದರ ಮೇಲ್ತುದಿಯಲ್ಲಿ ಸಿಗುವ ಮೃದುವಾದ ಗುಳ್ಳೆ ಬಹುತೇಕ ನಿರಪಾಯಕಾರಿ ನೀರುಗಂಟು. ವೃಷಣದ ಸುತ್ತ ದ್ರವ ತುಂಬಿಕೊಳ್ಳುವ ಹೈಡ್ರೋಸೀಲ್‌ಗೆ ಟಾರ್ಚ್ ಹಿಡಿದರೆ ಬೆಳಕು ಹಾಯುತ್ತದೆ. ಆದರೆ ಗಡ್ಡೆಯಿರುವ ವೃಷಣದ ಸುತ್ತಲೂ ದ್ರವ ಸೇರುವುದುಂಟಾದ್ದರಿಂದ, ಬೆಳಕು ಹಾಯಿತೆಂದು ಸ್ಕ್ಯಾನ್ ಬಿಡುವಂತಿಲ್ಲ. ಸುಮಾರು 15% ಪುರುಷರಲ್ಲಿ, ಹೆಚ್ಚಾಗಿ ಎಡಭಾಗದಲ್ಲಿ, ರಕ್ತನಾಳಗಳು ಹಿಗ್ಗಿ ಎರೆಹುಳುಗಳ ಗುಂಪಿನಂತೆ ಕೈಗೆ ಸಿಗುತ್ತವೆ. ಇದು ವೇರಿಕೋಸೀಲ್. ನಿಂತಾಗ ಎದ್ದು ಕಾಣುವ ಈ ಊತ ಮಲಗಿದಾಗ ಇಳಿಯಬೇಕು. ಇಳಿಯದಿದ್ದರೆ, ಅಥವಾ ಬಲಭಾಗದಲ್ಲಿ ಮಾತ್ರ ದಿಢೀರನೆ ಕಾಣಿಸಿಕೊಂಡರೆ, ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಯಾವ ತೊಂದರೆಯೂ ಇಲ್ಲದವರು ದಿನದಿನವೂ ಮುಟ್ಟಿ ನೋಡಿಕೊಂಡು ಆತಂಕಪಡುವುದು ಬೇಡ. ನಿಮ್ಮ ದೇಹದ ಸಹಜ ಸ್ಥಿತಿ ಹೇಗಿದೆ ಎಂಬ ಪರಿಚಯ ಬೆರಳುಗಳಿಗೆ ಇದ್ದರೆ, ಬದಲಾವಣೆ ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ವಯಸ್ಸು 52. ಬಲ ತೊಡೆಸಂದಿನಲ್ಲಿ ಒಂದು ಊತವಿದೆ. ಕೆಮ್ಮಿದಾಗ ಉಬ್ಬುತ್ತದೆ, ಮಲಗಿದರೆ ಇಲ್ಲವಾಗುತ್ತದೆ. ನೋವಿಲ್ಲ. ಬೆಲ್ಟ್ ಕಟ್ಟಿಕೊಂಡರೆ ವಾಸಿಯಾದೀತೆ? ವೈದ್ಯರು ಹೇಗೆ ಪರೀಕ್ಷಿಸುವರೋ ಎಂಬ ಸಂಕೋಚದಿಂದ ಇನ್ನೂ ತೋರಿಸಿಲ್ಲ.

ಉತ್ತರ: ನಿಮ್ಮ ವಿವರಣೆ ತೊಡೆಸಂದಿನ ಹರ್ನಿಯಾಗೆ ಸರಿಹೊಂದುತ್ತದೆ. ಗಂಡುಮಗು ಗರ್ಭದಲ್ಲಿರುವಾಗ ವೃಷಣಗಳು ಹೊಟ್ಟೆಯೊಳಗಿನಿಂದ ತೊಡೆಸಂದಿನ ಮಾರ್ಗವಾಗಿ ಚೀಲಕ್ಕೆ ಇಳಿಯುತ್ತವೆ. ಹೊಟ್ಟೆಯ ಗೋಡೆಯಲ್ಲಿ ಆ ದಾರಿ ಜೀವನವಿಡೀ ಒಂದು ದುರ್ಬಲ ಸ್ಥಳವಾಗಿ ಉಳಿಯುವುದರಿಂದ, ಸುಮಾರು ನಾಲ್ವರು ಪುರುಷರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಕೊಬ್ಬು ಅಥವಾ ಕರುಳಿನ ಭಾಗ ಅಲ್ಲಿಂದ ಹೊರಚಾಚಿಕೊಳ್ಳುತ್ತದೆ. ಬಹುಕಾಲದ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ತೊಂದರೆಯಿಂದ ಮೂತ್ರಕ್ಕೆ ತಿಣುಕುವುದು ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ನಿಮಗೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಹೇಳಿ.

ಪರೀಕ್ಷೆ ಕೆಲವೇ ನಿಮಿಷಗಳದ್ದು. ಮೊದಲು ನಿಮ್ಮನ್ನು ನಿಲ್ಲಿಸಿ ಎರಡೂ ತೊಡೆಸಂದುಗಳನ್ನು ನೋಡುತ್ತಾರೆ, ಏಕೆಂದರೆ ಮಲಗಿದವರಲ್ಲಿ ಸಣ್ಣ ಹರ್ನಿಯಾ ಕಣ್ಣಿಗೆ ಬೀಳದೆ ಹೋಗಬಹುದು. ಬೆರಳನ್ನು ತೊಡೆಸಂದಿನ ಮೇಲಿಟ್ಟು, ಅಥವಾ ಚೀಲದ ಸಡಿಲ ಚರ್ಮವನ್ನು ಒಳಮಡಚುತ್ತಾ ಬೆರಳನ್ನು ಮೇಲಕ್ಕೆ ಒಯ್ದು, ಕೆಮ್ಮಲು ಹೇಳುತ್ತಾರೆ. ಹರ್ನಿಯಾ ಇದ್ದರೆ ಬೆರಳಿಗೆ ಒತ್ತು ತಾಗುತ್ತದೆ. ಊತ ಚೀಲದವರೆಗೂ ಇಳಿದಿದ್ದರೆ ಅದರ ಮೇಲಂಚು ಕೈಗೆ ಸಿಗುತ್ತದೆಯೇ ಎಂದು ನೋಡುತ್ತಾರೆ: ಸಿಕ್ಕರೆ ಊತ ಚೀಲದೊಳಗಿನದೇ, ಸಿಗದಿದ್ದರೆ ಅದು ಹೊಟ್ಟೆಯಿಂದ ಇಳಿದದ್ದು. ಕೊನೆಗೆ ಮಲಗಿಸಿ, ಊತ ಒಳಗೆ ಹೋಗುವುದೇ ಎಂದು ಗಮನಿಸುತ್ತಾರೆ. ಪ್ರತಿ ಹಂತದಲ್ಲೂ ಏನು ಮಾಡಲಿದ್ದಾರೆಂದು ಕೇಳಿ ತಿಳಿಯುವುದಕ್ಕೂ, ನಿಮಗೆ ಬೇಕಾದವರನ್ನು ಜೊತೆಯಲ್ಲಿ ಇರಿಸಿಕೊಳ್ಳುವುದಕ್ಕೂ ನಿಮಗೆ ಹಕ್ಕಿದೆ. ವೈದ್ಯರಿಗೆ ಇದು ಗಂಟಲು ನೋಡುವಷ್ಟೇ ನಿತ್ಯದ ಕೆಲಸ.

ಬೆಲ್ಟಿನಿಂದ ಹರ್ನಿಯಾ ವಾಸಿಯಾಗದು. ಗುಣವಾಗಲು ಇರುವ ದಾರಿ ಶಸ್ತ್ರಚಿಕಿತ್ಸೆಯೊಂದೇ. ಸಾಮಾನ್ಯವಾಗಿ ದುರ್ಬಲ ಜಾಗಕ್ಕೆ ಜಾಲರಿ ಅಳವಡಿಸುತ್ತಾರೆ. ತೊಂದರೆ ಕೊಡದ ಸಣ್ಣ ಹರ್ನಿಯಾವನ್ನು ವೈದ್ಯರ ಗಮನದಲ್ಲಿಟ್ಟುಕೊಂಡು ಕಾಯಬಹುದಾದರೂ, ಹೀಗೆ ಕಾದವರಲ್ಲಿ ಹೆಚ್ಚಿನವರು ನೋವು ಕಾಣಿಸಿಕೊಂಡು ಹತ್ತು ವರ್ಷಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಊತ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಾ, ಮಲಗಿದರೂ ಒಳಸರಿಯದೆ, ಜೊತೆಗೆ ವಾಂತಿ ಅಥವಾ ಹೊಟ್ಟೆಯುಬ್ಬರವಿದ್ದರೆ, ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುತ್ತಿಲ್ಲವೆಂದು ತಿಳಿಯಬೇಕು. ಆಗ ಅದನ್ನು ಬಲವಂತವಾಗಿ ಒಳಗೆ ತಳ್ಳಲು ಹೋಗಬೇಡಿ, ಏನನ್ನೂ ತಿನ್ನಬೇಡಿ, ಕುಡಿಯಬೇಡಿ; ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಪ್ರಶ್ನೆ: ನನ್ನ 14 ವರ್ಷದ ಮಗ ಒಂದು ರಾತ್ರಿ ವೃಷಣದ ನೋವಿನಿಂದ ಎಚ್ಚರಗೊಂಡು ವಾಂತಿ ಮಾಡಿಕೊಂಡ. ಬೆಳಗಾಗುವಷ್ಟರಲ್ಲಿ ನೋವು ಹೋಗಿತ್ತು. ಈಗ ತೋರಿಸುವ ಅಗತ್ಯವಿದೆಯೇ?

ಉತ್ತರ: ಖಂಡಿತ ಇದೆ, ಈ ದಿನವೇ ತೋರಿಸಿ. ವೃಷಣವು ತನ್ನ ನಾಳದ ಮೇಲೆ ತಿರುಚಿಕೊಂಡು, ಅದೃಷ್ಟವಶಾತ್ ತಾನಾಗಿಯೇ ಬಿಚ್ಚಿಕೊಂಡಿರುವ ಸಾಧ್ಯತೆಯಿದೆ, ಮತ್ತು ಹೀಗೆ ಒಮ್ಮೆ ಆದದ್ದು ಮತ್ತೆ ಆಗಬಹುದು. ತಿರುಚಿಕೊಂಡಾಗ ರಕ್ತಸಂಚಾರ ನಿಲ್ಲುತ್ತದೆ. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುತೇಕ ಉಳಿಯುತ್ತದೆ, 24 ಗಂಟೆ ಕಳೆದರೆ ಉಳಿಯುವುದು ಅಪರೂಪ. ಅಂಥ ಸಮಯದಲ್ಲಿ ಆ ವೃಷಣ ಮೇಲಕ್ಕೆ ಎಳೆದುಕೊಂಡು ಅಡ್ಡವಾಗಿ ನಿಂತಿರುತ್ತದೆ, ಒಳತೊಡೆಯನ್ನು ಸವರಿದರೆ ಸಹಜವಾಗಿ ಮೇಲೇರಬೇಕಾದದ್ದು ಏರುವುದಿಲ್ಲ. ಸೋಂಕಿನಿಂದಾಗುವ ನೋವು ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ, ಜ್ವರ ಮತ್ತು ಉರಿಮೂತ್ರ ಜೊತೆಗಿರಬಹುದು. ಆದರೆ ಈ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ನಿರ್ಧರಿಸಬಾರದು. ಈ ವಯಸ್ಸಿನ ಹುಡುಗರು ನಾಚಿಕೆಯಿಂದ ಕಿಬ್ಬೊಟ್ಟೆ ನೋವೆಂದಷ್ಟೇ ಹೇಳುವುದುಂಟು. ನಿಮ್ಮ ಮಗ ನಿಮ್ಮಲ್ಲಿ ಹೇಳಿಕೊಂಡದ್ದೇ ದೊಡ್ಡ ಸಂಗತಿ. ಮತ್ತೆ ನೋವು ಬಂದರೆ ಯಾವ ಹೊತ್ತಿನಲ್ಲಾದರೂ ಎಬ್ಬಿಸಬೇಕೆಂದು ಅವನಿಗೆ ತಿಳಿಸಿ.

ಪ್ರಶ್ನೆ: ನಮ್ಮ 10 ತಿಂಗಳ ಮಗುವಿನ ಚೀಲದಲ್ಲಿ ಒಂದೇ ವೃಷಣವಿದೆ. ಶಿಶ್ನದ ಮುಂದೊಗಲು ಹಿಂದೆ ಸರಿಯುವುದಿಲ್ಲ. ಎರಡೂ ದೋಷಗಳೇ?

ಉತ್ತರ: ಮೊದಲನೆಯದನ್ನು ಈಗಲೇ ತೋರಿಸಬೇಕು. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಲ್ಲಿ ವೃಷಣ ಇಳಿದಿರುವುದಿಲ್ಲ. ಅನೇಕರಲ್ಲಿ 6 ತಿಂಗಳೊಳಗೆ ತಾನೇ ಇಳಿಯುತ್ತದೆ, ಆಮೇಲೆ ಇಳಿಯುವ ಸಂಭವ ಕಡಿಮೆ. 6ರಿಂದ 18 ತಿಂಗಳ ನಡುವೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಚೀಲಕ್ಕೆ ಇಳಿಸಿದರೆ ಮುಂದಿನ ಸಂತಾನಶಕ್ತಿಗೆ ಒಳ್ಳೆಯದು, ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕೂರಿಸಿದಾಗ ಚೀಲಕ್ಕೆ ಇಳಿದು ಅಲ್ಲೇ ನಿಲ್ಲುವ ವೃಷಣವಾದರೆ ಚಿಂತೆ ಕಡಿಮೆ, ಆದರೂ ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಎರಡನೆಯದು ಸಹಜ. ಈ ವಯಸ್ಸಿನಲ್ಲಿ ಮುಂದೊಗಲು ಒಳಭಾಗಕ್ಕೆ ಅಂಟಿಕೊಂಡೇ ಇರುತ್ತದೆ, ವರ್ಷಗಳು ಕಳೆದಂತೆ ಬಿಡಿಸಿಕೊಳ್ಳುತ್ತದೆ. ದಯವಿಟ್ಟು ಅದನ್ನು ಎಳೆಯಬೇಡಿ. ಹರಿದ ಗಾಯ ಮಾಯುವಾಗ ಬಿಗಿದುಕೊಂಡು ನಿಜವಾದ ತೊಂದರೆ ಆರಂಭವಾಗುತ್ತದೆ.

ಪ್ರಶ್ನೆ: ವಯಸ್ಸು 19. ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಬಿಳಿ ಗುಳ್ಳೆಗಳಿವೆ. ಲೈಂಗಿಕ ರೋಗವೇ?

ಉತ್ತರ: ಒಂದೇ ಗಾತ್ರದವಾಗಿ, ಅಂಚಿನ ಸುತ್ತ ಸಾಲುಗಟ್ಟಿ, ತುರಿಕೆ ನೋವುಗಳಿಲ್ಲದೆ ಇದ್ದರೆ ಅವು ಅನೇಕ ಯುವಕರಲ್ಲಿ ಕಾಣುವ ಸಹಜ ರಚನೆಗಳು, ಹರಡುವುದಿಲ್ಲ, ಚಿಕಿತ್ಸೆ ಬೇಡ. ಹೂಕೋಸಿನ ಆಕಾರದಲ್ಲಿ ಬೆಳೆಯುವ ಗಂಟು, ನೀರುಗುಳ್ಳೆಗಳು, ಅಥವಾ ನೋವಿಲ್ಲದ ಒಂದೇ ಒಂದು ಹುಣ್ಣು ಕಂಡರೆ ರಕ್ತಪರೀಕ್ಷೆ ಸಹಿತ ತಪಾಸಣೆ ಮಾಡಿಸಿ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಮೊದಲ ಹುಣ್ಣು ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ಒಣಗುತ್ತದೆ, ಆದರೆ ರೋಗ ದೇಹದಲ್ಲಿ ಉಳಿದಿರುತ್ತದೆ.