ತತ್ವಶಾಸ್ತ್ರ ಓದೋಕೆ ಯಾವ ಪುಸ್ತಕದಿಂದ ಶುರು ಮಾಡಬೇಕು?

ಕಾಲೇಜಿನಲ್ಲಿ ತತ್ವಶಾಸ್ತ್ರ ಓದದವರು ಮೊದಲು ಯಾವ ಪುಸ್ತಕ ಹಿಡಿಯಬೇಕು ಅಂತ ಕೇಳಿದ್ದೀರಿ. ನಾನು ಹೇಳೋದು ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’. 1912ರದ್ದು, ಬರೀ 15 ಸಣ್ಣ ಅಧ್ಯಾಯ.

ಶುರುವಾಗೋದೇ ಒಂದು ಮೇಜಿನಿಂದ. ಮೇಜು ಕಂದು ಬಣ್ಣ ಅಂತೀವಿ, ಅಲ್ವಾ? ಆದರೆ ಬೆಳಕು ಬಿದ್ದ ಕಡೆ ಅದು ಬೆಳ್ಳಗೆ ಹೊಳೆಯುತ್ತದೆ. ನೀವು ಸ್ವಲ್ಪ ಪಕ್ಕಕ್ಕೆ ಸರಿದರೆ ಆ ಹೊಳಪೂ ಜಾಗ ಬದಲಿಸುತ್ತದೆ. ಹಾಗಾದರೆ ಮೇಜಿನ ನಿಜವಾದ ಬಣ್ಣ ಯಾವುದು? ಸುಮ್ನೆ ಓದಿ ಮುಂದೆ ಹೋಗಬೇಡಿ. ನಿಮ್ಮ ಮನೆಯ ಟೇಬಲ್ ಸುತ್ತ ಒಮ್ಮೆ ನಡೆದು ನೋಡಿ. ನಾನು ಹಾಗೆ ನೋಡಿದ ಮೇಲೆಯೇ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಕಥೆ ಇಷ್ಟ ಅಂದರೆ ನಾರ್ವೆಯ ಯಾಸ್ಟೈನ್ ಗಾರ್ಡರ್ ಬರೆದ ‘ಸೋಫೀಸ್ ವರ್ಲ್ಡ್’ (1991) ಇದೆ. ಶಾಲೆಯಿಂದ ಬಂದ ಹುಡುಗಿಗೆ ಅಂಚೆ ಡಬ್ಬಿಯಲ್ಲಿ ಚೀಟಿ ಸಿಗುತ್ತದೆ: ನೀನು ಯಾರು? ಅಲ್ಲಿಂದ ಸಾಕ್ರಟೀಸ್, ಡೆಕಾರ್ಟ್, ಕಾಂಟ್‌ರಂಥ ಪಾಶ್ಚಾತ್ಯ ತತ್ವಜ್ಞಾನಿಗಳೆಲ್ಲ ಬರುತ್ತಾರೆ. ಭಾರತದ ಚಿಂತನೆಗೆ ಮಾತ್ರ ಅದರಲ್ಲಿ ಜಾಗ ತೀರಾ ಕಡಿಮೆ. ಅದೊಂದು ಬೇಸರ.

ಕನ್ನಡದಲ್ಲೇ ಬೇಕಾದರೆ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ (1943). ನಾಲ್ಕು ಸಾಲಿನ ಪದ್ಯಗಳು. ದಿನಕ್ಕೆ ಒಂದು ಸಾಕು, ಜಾಸ್ತಿ ಬೇಡ.